ಮೈಕು ಕಸಿದುಕೊಂಡ ಯೋಗದ ಟೀಚರ್

ಸಿಂಧನೂರಿನಲ್ಲಿ ನಮಗೆ ಯೋಗ ಕಲಿಸುತ್ತಿದ್ದ ಟೀಚರ್, ಆಸನಕ್ಕೆ ಮೊದಲು ಪ್ರತಿಯೊಬ್ಬರ ಹತ್ತಿರ ಬಂದು, "ಎಲ್ಲಿ ನೋವೈತಿ, ತೋರಸ್ರಿ" ಎನ್ನುತ್ತಿದ್ದರು. ನೋವು ಮುಚ್ಚಿಟ್ಟವರಿಗೆ ಬೈಗುಳ ಖಾತ್ರಿ.

ಒಮ್ಮೆ ದೊಡ್ಡ ಶಿಬಿರ ನಡೆಯಿತು. ಹೊರಗಿನಿಂದ ಬಂದ ಗುರುಗಳು, "ಯೋಗದಿಂದ ಎಲ್ಲ ನೋವೂ ಮಾಯ. ವಿಜ್ಞಾನವೇ ಹೇಳಿದೆ, ಗುಳಿಗೆ ಬಿಸಾಡಿ" ಎಂದು ಎಲ್ಲರನ್ನೂ ಬಗ್ಗಿಸತೊಡಗಿದರು. ಜವಳಗೇರಾದ ಗದ್ದೆಗಳಲ್ಲಿ ಸಸಿ ಹಚ್ಚುವ ಹೆಂಗಸೊಬ್ಬಳು ಅರ್ಧಕ್ಕೇ ನಿಂತಳು.

"ಸೊಂಟ ಹಿಡದೈತ್ರಿ, ಎಡಗಾಲು ಜೋಮು ಬಂದೈತಿ."

"ನಿನಗೆ ಶ್ರದ್ಧೆ ಸಾಲದು, ಇನ್ನೂ ಬಗ್ಗು" ಎಂದು ಗುರುಗಳು ಗದರಿದರು. ಜನ ನಕ್ಕರು.

ಟೀಚರ್ ವೇದಿಕೆ ಹತ್ತಿ ಮೈಕು ಕಸಿದುಕೊಂಡರು. "ವಿಜ್ಞಾನದ ಹೆಸರಿಲೆ ಸುಳ್ಳು ಹೇಳಬ್ಯಾಡ್ರಿ! ಯೋಗದಿಂದ ಹಳೇ ಸೊಂಟನೋವು ಕೆಲವರಿಗೆ ಒಂದೀಟು ಕಡಿಮಿ ಆಕೈತಿ, ಬ್ಯಾರೆ ವ್ಯಾಯಾಮದಿಂದ ಆದಂಗ. ಸಂಶೋಧನೆ ಹೇಳಿದ್ದು ಅಷ್ಟ. ಜೋಮು ಹಿಡಿದಾಕಿನ್ನ ಬಗ್ಗಸ್ರಿ ಅಂತ ಯಾರು ಹೇಳ್ಯಾರ? ಯಕ್ಕಾ, ಬಾ, ದವಾಖಾನಿಗೆ ಹೋಗೋಣು."

ನರ ಒತ್ತಿಕೊಂಡಿದೆ, ತಡಮಾಡಿದ್ದರೆ ಕಾಲಿನ ಬಲವೇ ಹೋಗಬಹುದಿತ್ತು ಎಂದರು ವೈದ್ಯರು. ಚಿಕಿತ್ಸೆಯಾಗಿ ಆಕೆ ಮತ್ತೆ ನಡೆದಾಡಿದಳು. ಶಿಬಿರದವರು ಮಾತ್ರ, ಗುರುಗಳಿಗೆ ಅವಮಾನವಾಯಿತೆಂದು ಟೀಚರನ್ನೇ ಕೆಲಸದಿಂದ ತೆಗೆದುಹಾಕಬೇಕೆಂಬ ಪತ್ರ ಬರೆದು ನಮ್ಮೆಲ್ಲರ ಸಹಿ ಕೇಳಿದರು. ನನ್ನ ಮೊಣಕಾಲಿನ ನೋವನ್ನು ತಿಂಗಳುಗಟ್ಟಲೆ ತಾಳ್ಮೆಯಿಂದ ಪಳಗಿಸಿದ್ದವರು ಅವರೇ. ಆದರೂ ಎಲ್ಲರ ಜೊತೆ ನಾನೂ ಸಹಿ ಹಾಕಿದೆ. ಗುರುಗಳ ಮೇಲಿನ ಸಿಟ್ಟು ಎಂದೋ ಇಳಿದಿದೆ. ನನ್ನ ಆ ಸಹಿಯ ಮೇಲಿನ ಸಿಟ್ಟು ಇನ್ನೂ ಉರಿಯುತ್ತಿದೆ.