ಎದುರು ಅಂಗಡಿಯ ತಾಯಮ್ಮ

ತಾಯಮ್ಮ ಗಿರಾಕಿಗಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮೊಣಕಾಲುದ್ದ ಧೂಳು ಹೊತ್ತು ಬಂದವನಿಗೆ ಮೊದಲು ಒಂದು ಚೆಂಬು ನೀರು. ಚಪ್ಪಲಿಯನ್ನು ಸಿಟ್ಟಿನಿಂದ ಎತ್ತಲೋ ಒದ್ದು ಬಂದವನಿಗೆ ಮಾತು ಕಡಿಮೆ ಆಡುವ ಯಾವನಾದರೂ ಮುದುಕನ ಪಕ್ಕದಲ್ಲಿ ಜಾಗ. ಹೋಗಲೋ ಬೇಡವೋ ಎಂದು ದಾರಿಯಲ್ಲೇ ತಡೆದು ನಿಂತ ಕಾಲು ಕಂಡರೆ, "ಬಾರೋ ಯಪ್ಪಾ, ಇಲ್ಲೇನ್ ಹುಲಿ ಕುಂತದೇನು?" ಎಂದು ಕರೆಯುತ್ತಿದ್ದಳು. ಮುಖ ಯಾಕೆ ನೋಡುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಮುಖ ಏನ್ ನೋಡೋದು ತಮ್ಮಾ, ಎಲ್ಲಾರೂ ಕೆರ್‍ಯಾಗ ತೊಳಕೊಂಡೇ ಬರ್ತಾರ," ಎಂದಿದ್ದಳು.

ಇದೆಲ್ಲ ನನಗೆ ಇಷ್ಟು ಚೆನ್ನಾಗಿ ಗೊತ್ತು, ಯಾಕೆಂದರೆ ಕೂತು ನೋಡುವುದಕ್ಕೆ ನನಗೆ ಬೇಕಾದಷ್ಟು ಪುರುಸೊತ್ತಿತ್ತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಮಾನ್ವಿಯಲ್ಲಿ ರಾಯಚೂರು ದಾರಿಯ ಈ ಕಡೆ ನನ್ನ ಸೇಂದಿ ಅಂಗಡಿ, ಆ ಕಡೆ ತಾಯಮ್ಮನದು. ಇಬ್ಬರಿಗೂ ಸೇಂದಿ ಇಳಿಯುತ್ತಿದ್ದದ್ದು ಒಂದೇ ಹಳ್ಳದ ದಂಡೆಯ ಈಚಲು ಗಿಡಗಳಿಂದ. ನನ್ನದಕ್ಕೆ ಕಲ್ಲಿನ ಗೋಡೆ, ತಗಡಿನ ಮಾಡು, ಸಾಗವಾನಿ ಬೆಂಚು, ಹೈದರಾಬಾದಿನಿಂದ ತರಿಸಿದ ನಿಲುವುಗನ್ನಡಿ. ಆಕೆಯದಕ್ಕೆ ಒಂದು ಬೇವಿನ ಗಿಡ, ನಾಲ್ಕು ಹರಿದ ಚಾಪೆ. ಆದರೂ ಜನ ನನ್ನ ಕನ್ನಡಿಯಲ್ಲಿ ಮೀಸೆ ತಿದ್ದಿಕೊಂಡು ಆಕೆಯ ಚಾಪೆಗೆ ಹೋಗುತ್ತಿದ್ದರು.

ನನಗೆ ಹೊಟ್ಟೆ ಉರಿಯುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಅದಕ್ಕೆ ಬೇರೆ ಹೆಸರಿಟ್ಟು ಏನು ಮಾಡಲಿ? ಆ ಕಡೆಯಿಂದ ನಗೆ ಕೇಳಿದರೆ ಉಣ್ಣುವ ತಾಟು ಸರಿಸಿ ಏಳುತ್ತಿದ್ದೆ. ಬಳೆ ಮಾರುವ ಮಹಬೂಬಸಾಬ ಒಂದು ಹನಿ ಸೇಂದಿ ಮುಟ್ಟಿದವನಲ್ಲ. ಅವನೂ ದಿನಾ ಹೋಗಿ ಬಳೆಯ ಮಲಾರ ಇಳಿಸಿ ಆಕೆಯ ಗುಗ್ಗರಿ ತಿನ್ನುತ್ತ ಕೂಡುತ್ತಿದ್ದ. ಕುಡಿಯದವನಿಗೆ ಅಲ್ಲೇನು ಕೆಲಸ ಎಂದು ಕೇಳಿದೆ. "ಮೈ ಪೀನೆಕು ನೈ ಆತೂಂ ಭೀಮಣ್ಣಾ, ಬೈಠ್‌ನೆಕು ಆತೂಂ," ಎಂದ. ಕುಡಿಯಲು ಬರುವುದಿಲ್ಲ, ಕೂಡಲು ಬರುತ್ತೇನೆ! ನನ್ನ ಸಾಗವಾನಿ ಬೆಂಚಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿತ್ತು?

ಇತ್ತು. ನನ್ನ ಅಪ್ಪ. ಮೂವತ್ತು ವರ್ಷ ಈಚಲು ಗಿಡ ಹತ್ತಿ, ಒಮ್ಮೆ ಬಿದ್ದು ಕಾಲು ಮುರಿದುಕೊಂಡ ಮೇಲೆ, ಕೂಡಿಟ್ಟಿದ್ದನ್ನೆಲ್ಲ ಸುರಿದು ನನಗೆ ಈ ಅಂಗಡಿ ಹಾಕಿಕೊಟ್ಟವನು ಅವನೇ. ಹೊತ್ತು ಇಳಿಯುತ್ತಲೇ ಕೋಲೂರುತ್ತ ನನ್ನ ಅಂಗಡಿಯ ಮುಂದೆ ಬರುವನು, ನನ್ನ ಕಡೆ ಒಮ್ಮೆ ನೋಡುವನು, ದಾರಿ ದಾಟಿ ಆ ಕಡೆ ಹೋಗುವನು. ಅಲ್ಲಿ ಮರಿಯಪ್ಪನ ಪಕ್ಕ ಕೂತನೆಂದರೆ ಮುಗಿಯಿತು. ಮರಿಯಪ್ಪ ಊರಾಚೆಯ ಕೇರಿಯವನು, ಊರವರು ಮುಟ್ಟಿಸಿಕೊಳ್ಳದ ಜನ. ಅಪ್ಪ ಗಿಡದಿಂದ ಇಳಿಸಿದ ಗಡಿಗೆಗಳನ್ನು ಮೂವತ್ತು ವರ್ಷವೂ ಹೊತ್ತವನು. ಇಬ್ಬರೂ ಅದೇನು ಮಾತಾಡುತ್ತಿದ್ದರೋ, ತಾಯಮ್ಮ ಸೇಂದಿ ಹೊಯ್ಯುವ ಮಗಿ ಹಿಡಿದು ನಿಂತು ಕೇಳುತ್ತಿದ್ದಳು, ಮೂವರೂ ನಗುತ್ತಿದ್ದರು. ಮನೆಯಲ್ಲಿ ಅಪ್ಪ ನನ್ನೊಂದಿಗೆ ಆಡುತ್ತಿದ್ದದ್ದು ದಿನಕ್ಕೆ ನಾಲ್ಕೇ ಮಾತು. ನನಗೆ ಬೇಕಾಗಿದ್ದದ್ದು ಊರ ಗಿರಾಕಿಗಳಲ್ಲ. ಒಂದೇ ಒಂದು ಸಂಜೆ ಅಪ್ಪ ನನ್ನಲ್ಲಿ ಬಂದು ಹಾಗೆ ಕೂತು ನಗಬೇಕು, ಅಷ್ಟೇ.

ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. "ಯಪ್ಪಾ, ನಮ್ಮ ಅಂಗಡ್ಯಾಗ ಏನ್ ಕಡಿಮಿ ಅದ? ಜನ ನಗಾಕತ್ತಾರ."

"ನಿನ್ನ ಹತ್ರ ಬಂದ್ರ ಸಾವ್ಕಾರನ ಅಪ್ಪ ಬಂದ ಅಂತ ಎಲ್ಲಾರೂ ಸರದು ಕುಂದ್ರತಾರ," ಎಂದ ಅಪ್ಪ. "ಅಲ್ಲಿ ಯಾರೂ ಸರಿಯಂಗಿಲ್ಲ."

ಅದನ್ನು ಕೇಳಿ ನಾನು ತಿಳಿದುಕೊಂಡದ್ದೇನು? ಜಾಗದ ಗುಣ ಇದು, ಆ ಬೇವಿನ ಗಿಡವೇ ನನ್ನದಾಗಬೇಕು ಎಂದು. ಹೊಟ್ಟೆಕಿಚ್ಚಿನವನಿಗೆ ಕಿವಿ ಇದ್ದರೂ ಕೇಳಿಸುವುದು ತನಗೆ ಬೇಕಾದದ್ದೇ.

ಅಂಗಡಿಗಳ ಹರಾಜು ವರ್ಷಕ್ಕೊಮ್ಮೆ ರಾಯಚೂರಿನ ಆಬಕಾರಿ ಕಚೇರಿಯಲ್ಲಿ ನಡೆಯುತ್ತಿತ್ತು. ಆ ವರ್ಷ ನಾನು ನನ್ನ ಅಂಗಡಿಯ ಜೊತೆಗೆ ತಾಯಮ್ಮನದಕ್ಕೂ ಕೂಗಿದೆ. ಆಕೆ ಎರಡು ಸಲ ಏರಿಸಿದಳು, ಮೂರನೆಯ ಸಲ ನನ್ನ ಕಡೆ ತಿರುಗಿ ನೋಡಿ ಸುಮ್ಮನಾದಳು. ಹೊರಗೆ ಬಂದಾಗ ಬೈಯುತ್ತಾಳೆಂದು ತಯಾರಾಗಿದ್ದೆ. ಬೈಗುಳಕ್ಕೆ ಉತ್ತರವನ್ನೂ ಕೂಡಿಸಿಟ್ಟುಕೊಂಡಿದ್ದೆ. ಆಕೆ ಕಚೇರಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಸೊಸೆಗೆ ಮನೆ ಒಪ್ಪಿಸುವ ಅತ್ತೆಯ ಹಾಗೆ ಹೇಳತೊಡಗಿದಳು.

"ಮಧ್ಯಾನ್ನ ಗಿಡದ ಬುಡಕ ನೀರು ಹೊಡೀ ತಮ್ಮಾ, ಧೂಳು ಕುಂದ್ರತದ. ಮುತ್ತಲ ಎಲಿ ಹಸಿ ಅರಿವ್ಯಾಗ ಸುತ್ತಿಡು, ಒಣಗಿದ್ರ ಸೀಳತಾವ. ಮಗಿ ಆಳಿನ ಕೈಯಾಗ ಕೊಡಬ್ಯಾಡ, ನೀನೇ ಹೊಯ್ಯಿ. ಎಲಿ ಮಾತ್ರ ಬಿಡಬ್ಯಾಡಪಾ."

ಎಲೆ ಎಂದರೆ ಮುತ್ತುಗದ ಎಲೆ. ಆಕೆಯಲ್ಲಿ ಲೋಟವಿರಲಿಲ್ಲ. ಪ್ರತಿಯೊಬ್ಬನೂ ಎರಡು ಎಲೆ ಜೋಡಿಸಿ ದೋಣಿಯ ಹಾಗೆ ಎರಡೂ ಕೈಯಲ್ಲಿ ಹಿಡಿಯಬೇಕು, ಆಕೆ ಮಗಿಯಿಂದ ಮೇಲಿಂದಲೇ ಹೊಯ್ಯಬೇಕು. ಕುಡಿದಾದ ಮೇಲೆ ಎಲ್ಲರ ಎಲೆಯೂ ಒಂದೇ ಗುಂಡಿಗೆ. "ಎರಡೂ ಕೈಯಾಗ ಎಲಿ ಹಿಡದಾಂವ ಯಾರನ್ನ ಹೊಡದಾನು?" ಎಂದು ಆಕೆ ನಗುತ್ತಿದ್ದುದುಂಟು. ನನಗೆ ಅದು ಬಡತನದ ಮಾತಾಗಿ ಕೇಳಿತ್ತು. ಈಗಲೂ ಹಾಗೇ ಕೇಳಿತು. ಇನ್ನೂ ಹೇಳಬೇಕೆಂದರೆ, ನನ್ನನ್ನು ಎಲೆಯಲ್ಲೇ ಕೊಳೆಸಲು ಹೂಡಿದ ಉಪಾಯ ಎಂದುಕೊಂಡೆ. ಆ ಸಂಜೆಯೇ ರಾಯಚೂರಿನ ಪೇಟೆಯಲ್ಲಿ ಹೂವಿನ ಚಿತ್ರದ ಗಾಜಿನ ಲೋಟಗಳನ್ನು ಕೊಂಡು, ಹುಲ್ಲಿನಲ್ಲಿ ಸುತ್ತಿ, ಮಾನ್ವಿಗೆ ತಂದೆ. ತಾಯಮ್ಮ ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಒಂದು ಸಣ್ಣ ಅಂಗಡಿ ಹಿಡಿದಳೆಂದು ಆಮೇಲೆ ತಿಳಿಯಿತು. ಹೋಗಲಿ, ಎಂದುಕೊಂಡೆ.

ಬೇವಿನ ಕೆಳಗೆ ನನ್ನ ಅಂಗಡಿ ಶುರುವಾದ ದಿನ ಊರಿಗೆ ಊರೇ ಬಂತು. ಅಪ್ಪನೂ ಬಂದ! ಮರಿಯಪ್ಪನನ್ನು ಕರೆದುಕೊಂಡು ಬಂದು ತನ್ನ ಹಳೆಯ ಜಾಗದಲ್ಲೇ ಕೂತ. ನನ್ನ ಕಾಲು ನೆಲದ ಮೇಲಿರಲಿಲ್ಲ. ನಾನೇ ಹೋಗಿ ಅಪ್ಪನ ಕೈಗೆ ಗಾಜಿನ ಲೋಟ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು, "ಚಂದ ಅದಲೇ," ಎಂದ.

ಅಷ್ಟರಲ್ಲಿ ಗೌಡರ ಗುಮಾಸ್ತ ತನ್ನ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದ. "ಭೀಮಣ್ಣಾ, ಈ ಗಲಾಸಿನ್ಯಾಗ ನನಗಿಂತ ಮೊದ್ಲು ಯಾರು ಕುಡದಾರ?" ಎಂದು ಕೇಳಿದ. ಎಲೆಯ ಕಾಲದಲ್ಲಿ ಯಾರ ಬಾಯಿಗೂ ಬಾರದ ಪ್ರಶ್ನೆ. ಸುತ್ತ ಇದ್ದವರ ಕೈಗಳೆಲ್ಲ ನಿಂತವು. ದೊಡ್ಡ ಗಿರಾಕಿ ಎದ್ದು ಹೋಗುತ್ತಾನಲ್ಲ ಎಂದು ನನಗೆ ದಿಗಿಲಾಯಿತು. ಆಳನ್ನು ಗಿಡದ ಮರೆಗೆ ಕರೆದು, ಹತ್ತು ಲೋಟಗಳ ಬುಡಕ್ಕೆ ಸುಣ್ಣದ ಬೊಟ್ಟು ಇಡಿಸಿ, ಕೇರಿಯವರಿಗೆ ಅವು, ಉಳಿದವರಿಗೆ ಇವು ಎಂದುಬಿಟ್ಟೆ. ಆ ಹೇಳಿಕೆ ನನ್ನದೇ. ಗುಮಾಸ್ತನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ.

ಆಳು ಹೋಗಿ ಮರಿಯಪ್ಪನ ಕೈಗೆ ಬೊಟ್ಟಿನ ಲೋಟ ಕೊಟ್ಟ. ಮರಿಯಪ್ಪ ಅದರ ಬುಡ ನೋಡಿದ. ಲೋಟವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಎದ್ದ. ಅಪ್ಪ ಆ ಲೋಟ ತೆಗೆದುಕೊಂಡ, ಎಲ್ಲರೂ ನೋಡುತ್ತಿರುವಂತೆ ಗಟಗಟ ಕುಡಿದು ಬೋರಲು ಹಾಕಿದ. ಆಮೇಲೆ ಕೋಲು ಹುಡುಕಿಕೊಂಡು ಎದ್ದು, "ನಡಿ ಮರಿಯಾ," ಎಂದ. ನನ್ನ ಕಡೆ ನೋಡಲಿಲ್ಲ. ದಾರಿ ದಾಟುವ ಮೊದಲು ದಿನಾ ಒಂದು ನೋಟ ಬೀಳುತ್ತಿತ್ತಲ್ಲ, ಅದೂ ಅಂದಿಗೆ ಮುಗಿಯಿತು. ತಿಂಗಳೊಪ್ಪತ್ತಿನಲ್ಲಿ ಬೇವಿನ ಕೆಳಗೆ ನಾನೂ ನನ್ನ ಲೋಟಗಳೂ ಉಳಿದೆವು.

ಬಂಧುಗಳ ಮನೆಗೆ ಹೋಗಿ ಬರುತ್ತೇನೆಂದು ಹೊರಟ ಅಪ್ಪ ಎರಡು ವಾರವಾದರೂ ಬರಲಿಲ್ಲ. ಎಲ್ಲಿರುತ್ತಾನೆಂದು ನನಗೆ ಗೊತ್ತಿತ್ತು. ಗಾಡಿ ಕಟ್ಟಿಸಿಕೊಂಡು ಮಸರಕಲ್ಲಿಗೆ ಹೋದೆ. ಊರ ಹೊರಗೆ ಒಂದು ಜಾಲಿಯ ಗಿಡ, ಅದೂ ಅರ್ಧ ಬೋಳು. ಅದರ ಕೆಳಗೆ ಅದೇ ಚಾಪೆಗಳು, ಅದೇ ನಗೆ. ಆ ಬೋಳು ಜಾಲಿಯನ್ನು ಕಂಡಾಗ ನನಗೆ ಅಳು ಬಂತು. ನಾನು ಅಷ್ಟು ಹಟ ಹಿಡಿದು ತೆಗೆದುಕೊಂಡದ್ದು ಬರೀ ಗಿಡ. ಅಪ್ಪ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ, ಗಾಡಿಯಿಂದ ನಾನು ಇಳಿದದ್ದು ಕಂಡು ನಿಲ್ಲಿಸಿದ.

ತಾಯಮ್ಮ ನನ್ನನ್ನು ಬೇರೆ ಕಡೆ ಕರೆದು ಕೂಡಿಸಿ ಗುಗ್ಗರಿ ಕೊಟ್ಟಳು. "ಯಕ್ಕಾ, ಅಪ್ಪನ್ನ ಕಳಸು," ಎಂದೆ. ಗದರಬೇಕೆಂದು ಬಂದವನು ಬೇಡಿದ ಹಾಗಾಯಿತು.

"ನಾ ಏನ್ ಹಗ್ಗ ಹಾಕಿ ಕಟ್ಟೀನೇನೋ? ಕರಕೊಂಡು ಹೋಗು," ಎಂದಳು. ಆಮೇಲೆ ದನಿ ಇಳಿಸಿ, "ಮಾನ್ವ್ಯಾಗೂ ಅಷ್ಟ, ಇಲ್ಲೂ ಅಷ್ಟ, ನಿಮ್ಮಪ್ಪ ಹಣಮಣ್ಣ ಬರೇ ನಿನ್ನ ಮಾತೇ ಹೇಳತಿರತಾನ. ನೀ ಸಣ್ಣಾಂವ ಇದ್ದಾಗಿಂದು ಒಂದು ಅದ, ಅದನ್ನ ಹೇಳಿ ಹೇಳಿ ಕಣ್ಣಾಗ ನೀರು ಬರೂ ಹಂಗ ನಗತಾನ," ಎಂದಳು.

"ಏನದು?"

"ಅದು ಅವನ ಮಾತು ತಮ್ಮಾ. ನಾ ಹೇಳಿದ್ರ ಕೆಡತದ. ಗಾಡ್ಯಾಗ ಹೋಗೂವಾಗ ನೀನೇ ಕೇಳು."

ಕೇಳಲಿಲ್ಲ. ಇಡೀ ದಾರಿ ಅಪ್ಪ ಎತ್ತುಗಳ ಬೆನ್ನು ನೋಡುತ್ತ ಕೂತಿದ್ದ, ನಾನು ಅಪ್ಪನ ಬೆನ್ನು ನೋಡುತ್ತ ಕೂತಿದ್ದೆ. ನನ್ನ ಮಾತನ್ನು ನನಗೆ ಹೇಳದೆ ಆಕೆಗೆ ಹೇಳಿದನಲ್ಲ ಎಂದು ಮತ್ತೆ ಅದೇ ಉರಿ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಎಂದುಕೊಂಡೆ. ಆ ಬೇಸಿಗೆಯಲ್ಲೇ ಅಪ್ಪ ಹೋದ.

ದಿನಕರ್ಮ ಮುಗಿಸಿ, ಆ ಮಾತನ್ನು ತಾಯಮ್ಮನಿಂದಲಾದರೂ ಕೇಳೋಣವೆಂದು ಮಸರಕಲ್ಲಿಗೆ ಹೋದೆ. ಜಾಲಿಯ ಕೆಳಗೆ ಚಾಪೆ ಇರಲಿಲ್ಲ, ಕುರಿ ಮಲಗಿದ್ದವು. ಕುರಿಯವನು, "ತಾಯವ್ವ ಹೋಗಿ ತಿಂಗಳಾತ್ರಿ. ಜ್ವರಾ ಬಂದಿತ್ತು," ಎಂದ. ಆಕೆಯ ಮೇಲೆ ಮರುಕ ಬರಬೇಕಾಗಿತ್ತು. ಬಂತು, ಆದರೆ ಆಮೇಲೆ. ಮೊದಲು ಬಂದದ್ದು ಸಿಟ್ಟು. ನನ್ನ ಅಪ್ಪನ ನಗೆಯನ್ನೆಲ್ಲ ತಾನೊಬ್ಬಳೇ ಕಟ್ಟಿಕೊಂಡು ಹೋದಳಲ್ಲ ಎಂದು ಆ ಬಿಸಿಲಲ್ಲಿ ನಿಂತು ಸತ್ತವಳನ್ನು ಬೈದೆ.

ದಿನಾ ಅಪ್ಪನ ಪಕ್ಕದಲ್ಲೇ ಕೂತು ಆ ಮಾತು ಕೇಳಿದವರಲ್ಲಿ ಉಳಿದವನು ಮರಿಯಪ್ಪ ಒಬ್ಬನೇ. ಎಷ್ಟೋ ದಿನ ಅವನನ್ನು ಕೇಳಲು ಮುಖವಿರಲಿಲ್ಲ. ಕೊನೆಗೊಂದು ಸಂಜೆ ಅವನು ನನ್ನ ಅಂಗಡಿಯ ಮುಂದೆ ಹಾದು ಹೋಗುವಾಗ ಎದ್ದು ಹೋಗಿ ತಡೆದೆ. ಕೈ ಹಿಡಿದುಕೊಂಡೇ ಕೇಳಿದೆ. "ಮರಿಯಪ್ಪಾ, ಅಪ್ಪ ನನ್ನ ಸಣ್ಣಂದಿನ ಮಾತು ಏನೋ ಹೇಳತಿದ್ದನಂತ. ಏನದು?"

ಅವನು ಕೈ ಬಿಡಿಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿದ.

"ನನಗೇನ್ ಗೊತ್ತ್ರಿ ಸಾವ್ಕಾರ್‍ರಾ," ಎಂದ. "ನಾವು ದೂರ ಕುಂದ್ರತಿದ್ವಿರಿ."