ಒಂದೆಲೆ ಹೊತ್ತಿನ ದೂರ

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಮರೆತಿದ್ದೆ ಅಂತ ಸುಳ್ಳು ಹೇಳೋಲ್ಲ, ಬಾಯಿಬಿಟ್ಟಿರಲಿಲ್ಲ ಅಷ್ಟೇ. ಹಾಸನದ ಕಾಲೇಜಿಗೆ ಹೋಗೋ ಮೊಮ್ಮಗಳು ನಿನ್ನೆ ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದ್ತಿದ್ದಳು: ದೂರವನ್ನು ಕಾಲದಿಂದ ಭಾಗಿಸಿದರೆ ವೇಗ.

"ಅಂಗಂದ್ರೇನೇ?" ಅಂದೆ.

"ದಾರಿ ಅಷ್ಟೇ ಇರ್ತದೆ ಕಣಜ್ಜಿ. ಜೋರಾಗಿ ಬಂದ್ರೆ ಹೊತ್ತು ಕಮ್ಮಿ ಹಿಡೀತದೆ."

ಇಷ್ಟು ಹೇಳೋಕೆ ಅಷ್ಟು ದಪ್ಪ ಪುಸ್ತಕ.

ನಾನು ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಆದ್ರೂ ನಮಗೂ ಒಂದು ಲೆಕ್ಕ ಇತ್ತು. ಹೊಳೆನರಸೀಪುರದಾಚೆ ನಮ್ಮೂರಿಗೂ ಗದ್ದೆಗೂ ನಡುವೆ ರೈಲು ಹಳಿ, ದಾರ ಹಿಡಿದಂಗೆ ನೆಟ್ಟಗೆ. ನಾಟಿಗೆ ಹೋಗೋ ಹೆಂಗಸರು ಅದನ್ನ ದಾಟಬೇಕು. ದೂರದ ಹುಣಸೆಮರದ ಹತ್ರ ರೈಲು ಕಂಡ್ರೆ ಒಂದೆಲೆ ಹೊತ್ತು ಇದೆ ಅಂತ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕೋದ್ರೊಳಗೆ ಬತ್ತದೆ. ಅಷ್ಟರಲ್ಲಿ ಪೈರಿನ ಕಟ್ಟು ಹೊತ್ತವಳು ಆಚೆ ಸೇರಬಹುದು. ನಮ್ಮತ್ತೆ ಕಾಲದಿಂದ ಇದೇ. ರೈಲು ಹೊಸದಾಯ್ತು, ಜೋರಾಯ್ತು, ಲೆಕ್ಕ ಹಳೇದೇ ಉಳೀತು.

ಅವತ್ತು ಬೆಳಿಗ್ಗೆ ನಾನು, ನನ್ನ ಓರಗಿತ್ತಿ ಸಣ್ಣಮ್ಮ, ಇಬ್ಬರೇ. ಮರದ ಹತ್ರ ರೈಲು ಕಾಣ್ತು. ಎಲೆ ತೆಗೆದೆ.

"ನೀನು ಮಡಚ್ತಾ ಇರು ಅಕ್ಕಯ್ಯ, ಅಷ್ಟರಲ್ಲಿ ನಾನು ಅರ್ಧ ಗದ್ದೆ ನೆಟ್ಟಿರ್ತೀನಿ" ಅಂತ ಆಡ್ಕೊಂಡು, ಕಟ್ಟು ಹೊತ್ತು ಹಳಿ ಹತ್ತಿದಳು.

ನೆಟ್ಟಗೆ ನಮ್ಮ ಕಡೆಗೇ ಬರೋ ರೈಲು, ಬರ್ತಿರೋದೇ ಕಾಣಲ್ಲ. ಬೇಕಾದ್ರೆ ನೀವೂ ನೋಡಿ. ನಿಂತಲ್ಲೇ ಊದಿಕೊಳ್ತದೆ. ನಾನು ಸುಣ್ಣ ಸವರೋದ್ರೊಳಗೆ ಅದು ಮನೆಯಷ್ಟಾಯ್ತು. ಸಣ್ಣಮ್ಮ ಹಳಿ ನಡುವೆ ಇದ್ದಳು. ಆಮೇಲೆ ಬರೀ ರೈಲಿನ ಡಬ್ಬಿ. ಬಗ್ಗಿ ಚಕ್ರದ ಸಂದಿಯಲ್ಲಿ ಅವಳ ಕಾಲು ಹುಡುಕಿದೆ. ಇರಲಿಲ್ಲ. ಡಬ್ಬಿ, ಡಬ್ಬಿ, ಡಬ್ಬಿ. ಮುಗೀಲೇ ಇಲ್ಲ.

ಯಾರೋ ತೋಳು ಹಿಡಿದು ಎಳೆದರು. ಹಳಿ ಪಕ್ಕದ ಇಳಿಜಾರಿಗೆ ಉರುಳಿದೆ. ನನ್ನ ಮೇಲೆ ಬಿದ್ದಿದ್ದು ಸಣ್ಣಮ್ಮ, ಮೊಣಕಾಲುಗಂಟ ಕೆಸರು. ತಲೆ ಮೇಲೆ ಇನ್ನೊಂದು ರೈಲು ಹೋಯ್ತು.

"ಏನು ಬಂತೇ ನಿನಗೆ? ಹಳಿ ನಡುವೆ ನಿಂತ್ಕೊಂಡು!"

"ನೀನು ದಾಟಿದ್ಯಾ?"

"ಆವಾಗ್ಲೇ ದಾಟ್ದೆ. ಅರ್ಧ ಗದ್ದೆ ನಾಟಿನೂ ಆಯ್ತು. ಮೂರು ಸಲ ಕೂಗ್ದೆ. 'ಬಂದೆ, ಬಂದೆ' ಅಂತ ನೀನೇ ಅಂತಿದ್ದೆ. ರೈಲಿನ ಸದ್ದು ಕೇಳಿ ಓಡಿಬಂದೆ."

ನಾನು ಬಾಯೇ ತೆರೆದಿರಲಿಲ್ಲ. ಹಳಿ ಹತ್ತಿದ್ದೂ ಗೊತ್ತಿಲ್ಲ. ಕೈಯಲ್ಲಿದ್ದ ಎಲೆ ಬಾಡಿ ಮುದುಡಿತ್ತು, ಸುಣ್ಣ ಒಣಗಿ ಬಿರಿದಿತ್ತು. ಬೆಳಗಿನ ಉದ್ದ ನೆರಳು ಕಾಲಡಿಗೆ ಬಂದಿತ್ತು.

ಆ ಹೊತ್ತೆಲ್ಲ ಎಲ್ಲಿ ಹೋಯ್ತು ಅಂತ ನಿನ್ನೆ ಮೊಮ್ಮಗಳನ್ನ ಕೇಳಿದೆ. ಪುಸ್ತಕ ತಿರುವಿ ನೋಡಿ, "ಇದ್ರಲ್ಲಿಲ್ಲ ಅಜ್ಜಿ" ಅಂದಳು.

ಆವಾಗ, ಹಳಿ ಮೇಲೆ ಅದು ನಡೆದ ಮಾರನೇ ಬೆಳಿಗ್ಗೆ, ನಾನು ಮಾಡಿದ್ದು ಒಂದೇ. ಸಣ್ಣಮ್ಮನ ಸೆರಗಿಗೆ ನನ್ನ ಸೆರಗು ಗಂಟು ಹಾಕಿ, ಗೇಟಿರೋ ಸುತ್ತುದಾರಿ ಹಿಡಿದು ಗದ್ದೆಗೆ ಹೊರಟೆ. "ನಾನೇನು ಮದುವೆ ಹೆಣ್ಣೇ?" ಅಂತ ಅವಳು ದಾರಿಯುದ್ದಕ್ಕೂ ಬಯ್ದಳು. ಗಂಟು ಮಾತ್ರ ಬಿಚ್ಚಲಿಲ್ಲ.