ಗೇರಿನಲ್ಲಿ ನಿಂತಿದ್ದ ಟ್ರ್ಯಾಕ್ಟರು

ಕಾಮಾಕ್ಷಿಪಾಳ್ಯದ ತಮ್ಮಣ್ಣ ನಲವತ್ತು ವರ್ಷದಿಂದ ಹಳೇ ಟ್ರ್ಯಾಕ್ಟರು ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ಹೊಲಗಳೆಲ್ಲ ಸೈಟುಗಳಾದ ಮೇಲೂ ಅವರ ಗ್ಯಾರೇಜಿಗೆ ಕೆಲಸ ತಪ್ಪಲಿಲ್ಲ. ಉಳುತ್ತಿದ್ದ ಟ್ರ್ಯಾಕ್ಟರುಗಳು ನೀರಿನ ಟ್ಯಾಂಕರು ಎಳೆಯತೊಡಗಿದವು, ಅಷ್ಟೇ.

ಕಳೆದ ಜನವರಿಯಲ್ಲಿ ಕೆಂಗೇರಿಯಿಂದ ಲಕ್ಷ್ಮಿದೇವಮ್ಮ ಫೋನ್ ಮಾಡಿದರು. ಗಂಡ ತೀರಿಕೊಂಡ ಮೇಲೆ ತಾವೇ ಟ್ಯಾಂಕರು ಓಡಿಸುತ್ತಿದ್ದವರು.

"ತಮ್ಮಣ್ಣೋರೆ, ಮಧ್ಯಾಹ್ನ ಆದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಬೆಳಗ್ಗೆ ಚಳಿಗೆ ಎಷ್ಟು ಕೀ ತಿರುಗಿಸಿದ್ರೂ ಏಳಲ್ಲ. ಜನ ನೀರಿಗೆ ಕಾಯ್ತಾವ್ರೆ."

"ಇಂಜಿನ್ ಬಿಸಿ ಆದ್ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲಮ್ಮ. ನಾಳೆ ನಾನು ಬರೋವರ್ಗೂ ಮುಟ್ಬೇಡಿ."

ಮರುದಿನ ಆರೂವರೆಗೆ ಹೋದಾಗ ಇನ್ನೂ ಮಂಜು. ಲಕ್ಷ್ಮಿದೇವಮ್ಮ ಸೀಟಿನ ಮೇಲೆ ಕೂತು, ಕ್ಲಚ್ ತುಳಿದು ಕೀ ತಿರುಗಿಸಿದರು. ಇಂಜಿನ್ ಜೋರಾಗಿಯೇ ತಿರುಗಿತು. ಬ್ಯಾಟರಿ ಸರಿಯಿದೆ ಎಂದಾಯಿತು. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬಂತು.

"ಡೀಸೆಲ್ ಬರ್ತಿದೆ, ಉರೀತಿಲ್ಲ. ಹೀಟರ್ ಸ್ವಿಚ್ ಒತ್ತಿ ಹಿಡ್ಕೊಳ್ಳಿ," ಎಂದ ತಮ್ಮಣ್ಣ, ಇಂಜಿನ್ನಿಗೆ ಗಾಳಿ ಹೋಗುವ ಪೈಪಿನ ಮೇಲೆ ಅಂಗೈ ಇಟ್ಟರು. ಆ ಗಾಳಿಯನ್ನು ಬಿಸಿ ಮಾಡಬೇಕಿದ್ದ ಹೀಟರ್ ಸತ್ತಿತ್ತು. ಪೈಪು ತಣ್ಣಗೆ ಕೊರೆಯುತ್ತಿತ್ತು. ಅದರ ವೈರು ಹಿಡಿದು ಹುಡುಕುತ್ತ ಹೋದರೆ, ಪ್ಲಾಸ್ಟಿಕ್ಕಿನ ಒಳಗೇ ತಂತಿ ಹಸಿರುಗಟ್ಟಿ ತುಂಡಾಗಿತ್ತು. ಹೊಸ ವೈರು ಹಾಕಿ ಇಪ್ಪತ್ತು ಎಣಿಸುವಷ್ಟರಲ್ಲಿ ಪೈಪು ಬಿಸಿಯೇರಿತು.

"ಬನ್ನಿ ಇಲ್ಲಿ, ನೀವೇ ಮುಟ್ಟಿ ನೋಡಿ!"

ಲಕ್ಷ್ಮಿದೇವಮ್ಮ ಇಳಿದು ಬಂದು ಮುಟ್ಟಿ ನಕ್ಕರು. ಆ ಖುಷಿಯಲ್ಲಿ ತಮ್ಮಣ್ಣ, ಯಾರೂ ಮಾಡಕೂಡದೆಂದು ಎಲ್ಲರಿಗೂ ಬೈಯುತ್ತಿದ್ದ ಕೆಲಸವನ್ನೇ ಮಾಡಿದರು. ಆಕೆ ಮತ್ತೆ ಹತ್ತಿ ಕೂರುವವರೆಗೆ ಕಾಯದೆ, ಕೀ ತಿರುಗಿಸದೆಯೇ ಕರೆಂಟು ಹರಿಯುವಂತೆ ಕೆಳಗಿನಿಂದಲೇ ಸ್ಟಾರ್ಟರ್ ಮೋಟರಿನ ಎರಡು ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ಇಟ್ಟರು. ಇಂಜಿನ್ ಥಟ್ಟನೆ ಎದ್ದಿತು.

ಟ್ರ್ಯಾಕ್ಟರು ಗೇರಿನಲ್ಲಿತ್ತು. ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲವಾದ್ದರಿಂದ, ಉರುಳದಿರಲೆಂದು ಲಕ್ಷ್ಮಿದೇವಮ್ಮ ರಾತ್ರಿ ಹಾಗೇ ನಿಲ್ಲಿಸಿದ್ದರು. ಕೀ ತಿರುಗಿಸುವಾಗ ಆಕೆ ಕ್ಲಚ್ ತುಳಿದಿದ್ದರಿಂದ ಅದು ತಮ್ಮಣ್ಣನಿಗೆ ಗೊತ್ತಾಗಿರಲಿಲ್ಲ.

ಎದೆಯೆತ್ತರದ ಹಿಂದಿನ ಚಕ್ರ ಮೈಮೇಲೆ ಬರುತ್ತಿದ್ದರೂ ತಮ್ಮಣ್ಣನ ಕಾಲು ಕದಲಲಿಲ್ಲ. ಲಕ್ಷ್ಮಿದೇವಮ್ಮ ಕಾಲರ್ ಹಿಡಿದು ಎಳೆದರು. ಇಬ್ಬರೂ ಮಣ್ಣಿಗೆ ಬಿದ್ದರು. ಚಕ್ರ ಟೂಲ್ ಬಾಕ್ಸನ್ನು ಅಪ್ಪಚ್ಚಿ ಮಾಡಿ ಮುಂದೆ ಹೋಯಿತು. ಟ್ರ್ಯಾಕ್ಟರು ರಸ್ತೆ ದಾಟಿ, ಮುದುಕರು ಬಿಸಿಲು ಕಾಯಿಸುವ ಕಲ್ಲುಬೆಂಚಿಗೆ ಗುದ್ದಿ ಆಫ್ ಆಯಿತು. ಬೆಂಚು ಎರಡು ತುಂಡು. ಚಳಿಗೆ ಅಂದು ಯಾರೂ ಬಂದಿರಲಿಲ್ಲ.

ತಮ್ಮಣ್ಣ ತಮ್ಮ ಕಾಲುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಲಕ್ಷ್ಮಿದೇವಮ್ಮ ಸೀರೆಯ ಮಣ್ಣು ಕೊಡವುತ್ತ ಎದ್ದರು. "ಊರಿಗೆಲ್ಲ ಬುದ್ಧಿ ಹೇಳೋರು ನೀವು. ನೀವೇ ಹಿಂಗ್ ಮಾಡಿದ್ರೆ?"

"ನಂಗೇ ಗೊತ್ತಿಲ್ಲಮ್ಮ. ಕೈ ಅದರಷ್ಟಕ್ಕೇ ಹೋಯ್ತು."

ತಮ್ಮಣ್ಣ ಮೂರು ದಿನ ಗ್ಯಾರೇಜು ತೆರೆಯಲಿಲ್ಲ. ಕಣ್ಣು ಮುಚ್ಚಿದರೆ ಚಕ್ರ.

ನಾಲ್ಕನೆಯ ದಿನ ಕೆಂಗೇರಿಗೆ ಹೋಗಿ ಮೊದಲು ಆ ಹ್ಯಾಂಡ್‌ಬ್ರೇಕ್ ಸರಿಮಾಡಿದರು. ಆಮೇಲೆ ಸ್ಟಾರ್ಟರಿನ ಬೋಲ್ಟುಗಳ ಮೇಲೆ ದಪ್ಪ ರಬ್ಬರಿನ ಮುಚ್ಚಳ ಬಿಗಿದರು. ಈಗ ಗ್ಯಾರೇಜಿಗೆ ಬರುವ ಪ್ರತಿ ಟ್ರ್ಯಾಕ್ಟರಿಗೂ ಹಾಗೇ ಮಾಡುತ್ತಾರೆ. ಇದೆಲ್ಲ ಯಾಕೆ ಎಂದು ಕೇಳಿದವರಿಗೆ, ಬೇರೆ ಯಾರದೋ ಕಥೆ ಎಂಬಂತೆ ಅಲ್ಲ, ತಮ್ಮ ತಪ್ಪನ್ನೇ ಮೊದಲಿಂದ ಕೊನೆಯವರೆಗೆ ಹೇಳುತ್ತಾರೆ. ಹೇಳುವಾಗ ಈಗಲೂ ಅವರ ಮುಖ ಬಿಳಿಚಿಕೊಳ್ಳುತ್ತದೆ.